ತೋರ, ಸಪೂರ ಮತ್ತು ನೋಟದ ಹೊಣೆ

ನಮ್ಮ ಕರಾವಳಿ ಕನ್ನಡದಲ್ಲಿ ಮೈಯನ್ನು ಅಳೆಯುವುದಕ್ಕೆ ಎರಡು ಶಬ್ದಗಳಿವೆ. ದಪ್ಪಗಿದ್ದರೆ ತೋರ, ತೆಳ್ಳಗಿದ್ದರೆ ಸಪೂರ. ಪೆರ್ಡೂರಿನ ಬಸ್ ನಿಲ್ದಾಣದಲ್ಲಾಗಲಿ, ಹಿರಿಯಡ್ಕದ ಯಾವುದಾದರೂ ಮದುವೆಯ ಊಟದ ಸಾಲಿನಲ್ಲಾಗಲಿ, ಆರು ತಿಂಗಳ ನಂತರ ಸಿಕ್ಕವರ ಬಾಯಿಂದ ಮೊದಲು ಬರುವುದು ಇವೆರಡರಲ್ಲಿ ಒಂದು. “ಎಂತ ಮಾರಾಯ್ತಿ, ತೋರ ಆಗಿದ್ದಿ ಅಲ್ಲ?” “ಎಂತ ಮಗಾ, ಇಷ್ಟು ಸಪೂರ ಆದದ್ದು? ಹಾಸ್ಟೆಲಿನಲ್ಲಿ ಊಟ ಸರಿ ಇಲ್ಲವಾ?” ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಮಾತು ಮಳೆಗೆ, ಅಡಿಕೆಯ ಧಾರಣೆಗೆ ಹೊರಳಿಬಿಡುತ್ತದೆ. ಆದರೆ ಹೇಳಿಸಿಕೊಂಡವರ ವಯಸ್ಸು 19ೋ 20ೋ ಆಗಿದ್ದರೆ ಆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಅವರೊಡನೆ ಮನೆಗೆ ಬರುತ್ತದೆ, ಕನ್ನಡಿಯ ಮುಂದೆ ನಿಲ್ಲುತ್ತದೆ, ರಾತ್ರಿ ಊಟಕ್ಕೆ ಕೂತಾಗ ಬಟ್ಟಲಿನ ಪಕ್ಕ ಕೂರುತ್ತದೆ.

ಇನ್ನೊಬ್ಬರ ಮೈಯ ಬಗ್ಗೆ ಮಾತಾಡುವ ಹಕ್ಕು ನಮಗೆ ಎಲ್ಲಿಂದ ಬಂತು? ಪ್ರೀತಿಯಿಂದಲೇ ಆಡಿದರೂ ಆ ಮಾತು ಏನು ಮಾಡುತ್ತದೆ? ನಾವು ಈ ವಿಷಯವನ್ನು ಸಾಮಾನ್ಯವಾಗಿ ಎಳೆಯರ ಸಮಸ್ಯೆಯೆಂದು ಚರ್ಚಿಸುತ್ತೇವೆ. ಈಗಿನ ಮಕ್ಕಳಿಗೆ ಆತ್ಮವಿಶ್ವಾಸ ಕಡಿಮೆ, ಮೊಬೈಲು ಜಾಸ್ತಿ, ಹೊಗಳಿಕೆಯ ಹುಚ್ಚು ಎಂದೆಲ್ಲ ಹೇಳಿ ಮುಗಿಸುತ್ತೇವೆ. ನನಗೆ ಇದು ನೋಡಿಸಿಕೊಳ್ಳುವವರ ಮನೋಬಲದ ಪ್ರಶ್ನೆಗಿಂತ ಮೊದಲು ನೋಡುವವರ ನೀತಿಯ ಪ್ರಶ್ನೆ ಎನಿಸುತ್ತದೆ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಪೆರ್ಡೂರಿನ ಅನಂತಪದ್ಮನಾಭ ದೇವಸ್ಥಾನಕ್ಕೆ ಸಿಂಹ ಸಂಕ್ರಮಣದ ದಿನ, ಅಂದರೆ ಆಗಸ್ಟ್ ತಿಂಗಳ ನಡುವಿನಲ್ಲಿ, ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬರುತ್ತಾರೆ. ಮದುಮಕ್ಕಳ ಜಾತ್ರೆ ಎಂದೇ ಅದಕ್ಕೆ ಹೆಸರು. ಆಟಿ ತಿಂಗಳು ಕಳೆದು ಸೋಣ ಹುಟ್ಟುವ ಹೊತ್ತು ಅದು. ತುಳುನಾಡಿನವರಿಗೆ ಆಟಿಯ ನೆನಪು ಎಂದರೆ ಜಡಿಮಳೆ ಮತ್ತು ಬರಿದಾಗುತ್ತಿದ್ದ ಅಕ್ಕಿಯ ಮುಡಿ. ಗದ್ದೆಯ ಕೆಲಸ ಮುಗಿದು ಕೂಲಿ ಇಲ್ಲದ, ಹೊಸ ಬೆಳೆ ಇನ್ನೂ ಬರದ ದಿನಗಳಲ್ಲಿ ಹಲಸಿನ ಬೀಜ, ಕೆಸುವಿನ ಎಲೆ, ಕಳಲೆ ತಿಂದು ದಿನ ದೂಡುತ್ತಿದ್ದರು. ಹೊಸ ಮದುಮಗಳನ್ನು ಆ ತಿಂಗಳು ತವರಿಗೆ ಕರೆಸಿಕೊಳ್ಳುವ ರೂಢಿ ಇವತ್ತಿಗೂ ಇದೆ. ಆಟಿ ಮುಗಿಸಿ ಬಂದ ಹುಡುಗಿಯನ್ನು ನೋಡಿ “ತುಸು ತೋರ ಆಗಿ ಬಂದಿದ್ದಾಳೆ” ಎಂದರೆ ಅದು ತವರಿನವರಿಗೆ ಸಲ್ಲುವ ಮರ್ಯಾದೆಯಾಗಿತ್ತು ಎಂದು ಹಿರಿಯರು ಹೇಳುವುದನ್ನು ನಾನು ಕೇಳಿದ್ದೇನೆ. ಕೊರತೆಯ ತಿಂಗಳಲ್ಲೂ ಮಗಳನ್ನು ಚೆನ್ನಾಗಿ ನೋಡಿಕೊಂಡರು ಎಂದು ಅದರ ಅರ್ಥ. ಸಪೂರವಾಗಿ ಬಂದರೆ ಯಾರದೋ ಮನೆಯಲ್ಲಿ ಏನೋ ಸರಿ ಇಲ್ಲ ಎಂದು ಲೆಕ್ಕ.

ಅಂದರೆ ಒಂದು ಕಾಲಕ್ಕೆ ತೋರ, ಸಪೂರ ಎಂಬುವು ಆ ವ್ಯಕ್ತಿಯ ಮೇಲೆ ಕೊಟ್ಟ ತೀರ್ಪುಗಳಾಗಿರಲಿಲ್ಲ. ಅವು ಆಕೆಯ ಸುತ್ತ ಇದ್ದವರ ಬಗ್ಗೆ ಕೇಳಿದ ಪ್ರಶ್ನೆಗಳಾಗಿದ್ದವು. ಈ ಮಗುವಿಗೆ ಯಾರು ಬಡಿಸುತ್ತಿದ್ದಾರೆ, ಯಾರು ಬಡಿಸುತ್ತಿಲ್ಲ ಎಂಬ ವಿಚಾರಣೆ ಅವುಗಳಲ್ಲಿತ್ತು. ಮೈ ಒಬ್ಬಳ ಸ್ವತ್ತಾಗಿರಲಿಲ್ಲ, ಸುತ್ತಲಿನವರು ತೋರಿದ ಆರೈಕೆಯ ಲೆಕ್ಕಪುಸ್ತಕವಾಗಿತ್ತು. ಅದು ಸುಂದರ ಕಾಲವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಮೈಗೆ ಬೆಲೆ ಕಟ್ಟುವ ಕ್ರಮದ ಹಿಂದೆ ಹಸಿವು ಇತ್ತು, ಮಗಳ ಮೈ ಎರಡು ಮನೆಗಳ ಮರ್ಯಾದೆಯ ಹೊರೆ ಹೊರಬೇಕಿತ್ತು.

ಇದೇ ಕ್ರಮ ಶಾಂತಸಾಗರದ ಫಿಜಿ ದ್ವೀಪಗಳಲ್ಲೂ ಇತ್ತು. ಅಲ್ಲಿ ಬಹಳ ವರ್ಷ ಕೆಲಸ ಮಾಡಿದ ಅಮೆರಿಕದ ಮನೋವೈದ್ಯೆ, ಮಾನವಶಾಸ್ತ್ರಜ್ಞೆ ಆನ್ ಬೆಕರ್, ಫಿಜಿಯ ಜನ ತುಂಬಿದ ಮೈಯನ್ನು ಕುಟುಂಬದ, ಊರಿನ ಆರೈಕೆಯ ಗುರುತಾಗಿ ಕಾಣುತ್ತಿದ್ದರೆಂದು ಬರೆದಿದ್ದಾರೆ. ಒಬ್ಬರು ಸಪೂರವಾದರೆ ಊರೇ ಕಳವಳಪಡುತ್ತಿತ್ತು. 1995ರಲ್ಲಿ ಅಲ್ಲಿನ ನಾದ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂತು. ಆ ವರ್ಷ ಬೆಕರ್ ಶಾಲೆಯ ಹುಡುಗಿಯರನ್ನು ಮಾತಾಡಿಸಿದಾಗ ತೂಕ ಇಳಿಸಲೆಂದು ತಿಂದದ್ದನ್ನು ವಾಂತಿ ಮಾಡಿಕೊಳ್ಳುತ್ತೇನೆಂದು ಒಬ್ಬಳೂ ಹೇಳಲಿಲ್ಲ. ಮೂರು ವರ್ಷ ಕಳೆದು 1998ರಲ್ಲಿ ಮತ್ತೆ ಕೇಳಿದಾಗ ಹಾಗೆ ಹೇಳಿದವರು ಶೇ 11.3. ಆ ಹುಡುಗಿಯರಲ್ಲಿ ಹಲವರು ಧಾರಾವಾಹಿಗಳ ನಟಿಯರಂತೆ ಆಗಬೇಕು, ಹಾಗಾದರೆ ಒಳ್ಳೆಯ ಕೆಲಸ ಸಿಗುತ್ತದೆ ಎಂದುಕೊಂಡಿದ್ದರು. ಮೂರೇ ವರ್ಷದಲ್ಲಿ ಅವರ ಮನೋಬಲ ಕುಸಿದಿತ್ತು ಎನ್ನುವುದು ನಂಬುವ ಮಾತಲ್ಲ. ಬದಲಾದದ್ದು ಅವರನ್ನು ನೋಡುವ ಕಣ್ಣು. ಆಮೇಲೆ ಆ ಕಣ್ಣನ್ನೇ ಅವರು ತಮ್ಮದಾಗಿಸಿಕೊಂಡರು.

ನಮ್ಮಲ್ಲೂ ಆದದ್ದು ಅದೇ, ಒಂದು ವ್ಯತ್ಯಾಸದೊಂದಿಗೆ. ನಾವು ಹಳೆಯ ಶಬ್ದಗಳನ್ನೇ ಉಳಿಸಿಕೊಂಡು ಅವುಗಳ ಬೆಲೆಯನ್ನು ಮಾತ್ರ ತಿರುವುಮುರುವು ಮಾಡಿದೆವು. ಅಜ್ಜಿಯ ಬಾಯಲ್ಲಿ ಹೊಗಳಿಕೆಯಾಗಿದ್ದ ತೋರ ಮೊಮ್ಮಗಳ ಕಿವಿಯಲ್ಲಿ ಬೈಗುಳವಾಯಿತು. ಆಡಿದವರಿಗೆ ತಾವು ಹಳೆಯ ಅಕ್ಕರೆಯನ್ನೇ ತೋರಿದೆವು ಎಂಬ ಸಮಾಧಾನ, ಕೇಳಿದವರಿಗೆ ಹೊಸ ತೀರ್ಪಿನ ನೋವು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದಾರೆ. ಅದಕ್ಕೇ ಈ ನೋವಿಗೆ ಯಾರೂ ಹೊಣೆಯಾಗುವುದಿಲ್ಲ.

ಪೆರ್ಡೂರಿನಿಂದ ಬೆಳಿಗ್ಗೆ ಹೊರಡುವ ಬಸ್ಸುಗಳಲ್ಲಿ ಹಿರಿಯಡ್ಕ, ಮಣಿಪಾಲ, ಉಡುಪಿಯ ಕಾಲೇಜುಗಳಿಗೆ ಹೋಗುವ ಹುಡುಗ ಹುಡುಗಿಯರು ತುಂಬಿರುತ್ತಾರೆ. ಅವರ ಮಾತು ಕೇಳುತ್ತಾ ಕೂತರೆ ಹೊಸ ಲೆಕ್ಕಗಳೆಲ್ಲ ಗೊತ್ತಾಗುತ್ತವೆ. ಕುಚ್ಚಲಕ್ಕಿ ಅನ್ನ ಬಿಟ್ಟವರಿದ್ದಾರೆ, ರಾತ್ರಿ ಊಟ ಬಿಟ್ಟವರಿದ್ದಾರೆ. ಪೆರ್ಡೂರಿನ ಅನಂತಪದ್ಮನಾಭ ಕದಳೀಪ್ರಿಯ, ಬಾಳೆಹಣ್ಣಿನ ಸೇವೆಗೆ ಹೆಸರಾದವನು. ಆ ದೇವರ ಊರಿನಲ್ಲೇ ಪ್ರಸಾದದ ಬಾಳೆಹಣ್ಣಿಗೆ ಎಷ್ಟು ಕ್ಯಾಲೊರಿ ಎಂದು ಮೊಬೈಲಿನಲ್ಲಿ ನೋಡುವವರಿದ್ದಾರೆ. ನನ್ನ ಪರಿಚಯದ ಒಬ್ಬಳು ಎರಡು ವರ್ಷ ಯಾವ ಮದುವೆಗೂ ಹೋಗಲಿಲ್ಲ. ಕೇಳಿದರೆ ಪರೀಕ್ಷೆ ಎನ್ನುತ್ತಿದ್ದಳು. ನಿಜ ಕಾರಣ ಆ ಸಾಲು ಕುರ್ಚಿಗಳು, ಅಲ್ಲಿ ಕೂತು ಕೆಳಗಿನಿಂದ ಮೇಲಿನವರೆಗೆ ನೋಡುವ ಅತ್ತೆ, ಚಿಕ್ಕಮ್ಮಂದಿರು. ಇನ್ನೊಬ್ಬ ಹುಡುಗ ಸಪೂರ ಎನಿಸಿಕೊಂಡು ಬೇಸತ್ತು ಜಿಮ್ ಸೇರಿದ. ಯಾರೋ ಕೊಟ್ಟ ಪುಡಿಯನ್ನು ಅದರಲ್ಲಿ ಏನಿದೆ ಎಂದು ಕೇಳದೆ ಆರು ತಿಂಗಳು ಕುಡಿದ. ಸಮುದ್ರ ಅರ್ಧ ಗಂಟೆಯ ದಾರಿಯಲ್ಲಿದ್ದರೂ ಅಂಗಿ ತೆಗೆಯಬೇಕಾಗುತ್ತದೆ ಎಂದು ಅವನು ಗೆಳೆಯರ ಜೊತೆ ಮಲ್ಪೆಗೆ ಹೋಗುತ್ತಿರಲಿಲ್ಲ.

ಇವು ಹೊರಗೆ ಕಾಣುವ ನಷ್ಟಗಳು. ಕಾಣದ ನಷ್ಟವನ್ನು 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಅವರ ಸಹೋದ್ಯೋಗಿಗಳು ಒಂದು ಸರಳ ಪ್ರಯೋಗದಲ್ಲಿ ತೋರಿಸಿದರು. ಕಾಲೇಜಿನ ಹುಡುಗಿಯರನ್ನೂ ಹುಡುಗರನ್ನೂ ಒಬ್ಬೊಬ್ಬರಾಗಿ ಕನ್ನಡಿಯಿರುವ ಕೋಣೆಗೆ ಕಳಿಸಿ, ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್ ಹಾಕಿಕೊಳ್ಳಲು ಹೇಳಿದರು. ಅದನ್ನು ಧರಿಸಿಯೇ ಗಣಿತದ ಲೆಕ್ಕಗಳನ್ನು ಮಾಡಲು ಕೊಟ್ಟರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಈಜುಡುಗೆ ತೊಟ್ಟ ಹುಡುಗಿಯರ ಅಂಕ ಸ್ವೆಟರ್ ತೊಟ್ಟವರಿಗಿಂತ ಕಡಿಮೆ ಬಂತು. ಹುಡುಗರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2004ರಲ್ಲಿ ಬೇರೆ ಸಂಶೋಧಕರು ಗಂಡಸರಿಗೆ ಇನ್ನೂ ಬಿಗಿಯಾದ, ಚಿಕ್ಕದಾದ ಈಜುಡುಗೆ ಕೊಟ್ಟು ನೋಡಿದಾಗ ಅವರ ಅಂಕವೂ ಇಳಿಯಿತು.

ಮನಸ್ಸಿನ ಗಮನಕ್ಕೆ ಒಂದು ಮಿತಿ ಇದೆ. ತನ್ನ ಮೈ ಹೊರಗಿನಿಂದ ಹೇಗೆ ಕಾಣುತ್ತಿದೆ ಎಂದು ಕಾಯುವುದಕ್ಕೆ ಅದರ ಒಂದು ಪಾಲು ಹೋದರೆ ಲೆಕ್ಕಕ್ಕೆ, ಹಾಡಿಗೆ, ಎದುರು ಕೂತ ಗೆಳತಿಯ ಮಾತಿಗೆ ಉಳಿಯುವುದು ಅಷ್ಟು ಕಡಿಮೆ. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಎದ್ದು ನಿಲ್ಲದ ಹುಡುಗಿಗೆ ಉತ್ತರದ ಬಗ್ಗೆ ಅನುಮಾನವಿಲ್ಲ. ಎದ್ದು ನಿಂತರೆ ಹಿಂದಿನ ಬೆಂಚಿನವರಿಗೆ ತಾನು ಹೇಗೆ ಕಾಣುತ್ತೇನೆ ಎಂಬುದೇ ಅವಳ ಚಿಂತೆ. ಹೀಗೆ ಹೋದ ಗಮನ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಓದಬೇಕಾದ, ಪ್ರೀತಿಸಬೇಕಾದ, ಜಗಳವಾಡಬೇಕಾದ ವಯಸ್ಸಿನ ದೊಡ್ಡ ಪಾಲು ತನ್ನನ್ನೇ ಕಾವಲು ಕಾಯುವುದರಲ್ಲಿ ಕಳೆದುಹೋಗುತ್ತದೆ.

ಫ್ರೆಂಚ್ ತತ್ವಜ್ಞಾನಿ ಜಾನ್ ಪಾಲ್ ಸಾರ್ತ್ರ್ 1943ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವೊಂದರಲ್ಲಿ ಬಾಗಿಲ ಕೀಲಿರಂಧ್ರದಿಂದ ಇಣುಕುವ ಒಬ್ಬನ ಉದಾಹರಣೆ ಕೊಡುತ್ತಾನೆ. ಇಣುಕುವಷ್ಟು ಹೊತ್ತು ಅವನಿಗೆ ತಾನೊಬ್ಬ ಇದ್ದೇನೆ ಎಂಬುದೇ ನೆನಪಿಲ್ಲ, ಒಳಗಿನ ದೃಶ್ಯವಷ್ಟೇ ಇದೆ. ಹಿಂದೆ ಯಾರದೋ ಹೆಜ್ಜೆಯ ಸದ್ದು ಕೇಳುತ್ತದೆ. ಆ ಕ್ಷಣ ಅವನು ನೋಡುವವನಾಗಿ ಉಳಿಯದೆ ನೋಡಲ್ಪಡುವ ವಸ್ತುವಾಗುತ್ತಾನೆ, ನಾಚಿಕೆ ಹುಟ್ಟುತ್ತದೆ. ಸಾರ್ತ್ರನ ಮನುಷ್ಯನಿಗೆ ಹೆಜ್ಜೆಯ ಸದ್ದು ದೂರವಾದರೆ ಬಿಡುಗಡೆ ಉಂಟು. ಅವನು ತಪ್ಪನ್ನೂ ಮಾಡುತ್ತಿದ್ದ. ನಮ್ಮ 20ರ ಹುಡುಗ ಹುಡುಗಿಯರು ಯಾವ ತಪ್ಪನ್ನೂ ಮಾಡದೆ, ಬರೀ ಒಂದು ಮೈಯುಳ್ಳವರಾದ್ದಕ್ಕೆ ಆ ನಾಚಿಕೆಯಲ್ಲಿರುತ್ತಾರೆ. ಹೆಜ್ಜೆಯ ಸದ್ದು ಅವರಿಗೆ ನಿಲ್ಲುವುದೂ ಇಲ್ಲ, ಏಕೆಂದರೆ ಅದು ಅವರ ಕಿಸೆಯೊಳಗಿನ ಫೋನಿನಲ್ಲಿದೆ. ಕೊನೆಗೆ ಫೋನು ಆರಿಸಿಟ್ಟರೂ ಕೇಳುತ್ತದೆ.

2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಮೇಲೆ ತೀರಿಕೊಂಡರು. ಅವರಿಗೆ ಆಗ 21 ವರ್ಷ. ಆ ಸುದ್ದಿ ಬಂದ ದಿನಗಳಲ್ಲಿ ನಾನು ಹೆಚ್ಚು ಕೇಳಿದ ಮಾತು, “ಅವಳು ತೋರ ಇರಲೇ ಇಲ್ಲವಲ್ಲ, ಯಾಕೆ ಮಾಡಿಸಿಕೊಳ್ಳಬೇಕಿತ್ತು?” ಎಂಬುದು. ಹೇಳಿದವರಿಗೆ ಮರುಕವಿತ್ತು. ಆದರೆ ಆ ಮಾತಿನ ಒಳಗೆ ಏನಿದೆ ನೋಡಿ. ಸತ್ತ ಮೇಲೂ ಫೋಟೊ ಹಿಡಿದು ಆ ಮೈಯನ್ನು ಇನ್ನೊಮ್ಮೆ ತೂಗಿದ್ದೇವೆ. ಜೊತೆಗೆ, ನಿಜವಾಗಿಯೂ ತೋರ ಇದ್ದಿದ್ದರೆ ಆ ಅಪಾಯಕ್ಕೆ ಒಂದು ಅರ್ಥವಿತ್ತು ಎಂಬ ಒಪ್ಪಿಗೆಯೂ ಅದರಲ್ಲಿ ಅಡಗಿದೆ. ಮರುಕದ ಮಾತೂ ಅದೇ ತಕ್ಕಡಿಯನ್ನು ಹಿಡಿದಿರುತ್ತದೆ ಎಂಬುದು ನನ್ನನ್ನು ಕಾಡಿದ ಸಂಗತಿ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು.

ಮೊದಲನೆಯದು ಆರೋಗ್ಯದ್ದು. ಕರಾವಳಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದು ಕಷ್ಟ, ತೂಕದ ಬಗ್ಗೆ ಎಚ್ಚರಿಸುವುದು ತಪ್ಪೇ ಎಂದು ಕೇಳಬಹುದು. ತೂಕಕ್ಕೂ ಆರೋಗ್ಯಕ್ಕೂ ಸಂಬಂಧವಿದೆ, ಅದನ್ನು ಅಲ್ಲಗಳೆಯುವುದು ಮೂರ್ಖತನ. ಏಷ್ಯಾದ ಜನರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆಯ ಅಪಾಯ ಶುರುವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಬಿಎಂಐ 23ರಿಂದಲೇ ಎಚ್ಚರ ಬೇಕೆಂದು 2004ರಲ್ಲಿ ಹೇಳಿದ್ದಾರೆ. ಆದರೆ ಆ ಬಿಎಂಐಯ ಚರಿತ್ರೆಯೇ ನಮಗೆ ವಿನಯ ಕಲಿಸಬೇಕು. ಎತ್ತರದ ವರ್ಗದಿಂದ ತೂಕವನ್ನು ಭಾಗಿಸುವ ಆ ಸೂತ್ರವನ್ನು 1830ರ ದಶಕದಲ್ಲಿ ಕಂಡುಕೊಂಡ ಬೆಲ್ಜಿಯಂನ ಕೆಟಲೆ ವೈದ್ಯನಲ್ಲ, ಸಂಖ್ಯಾಶಾಸ್ತ್ರಜ್ಞ. ಅವನು ಹುಡುಕುತ್ತಿದ್ದದ್ದು ಒಂದು ಜನಸಮುದಾಯದ ಸರಾಸರಿ ಮನುಷ್ಯನನ್ನು. ಅದಕ್ಕೆ ಬಿಎಂಐ ಎಂಬ ಹೆಸರನ್ನು 1972ರಲ್ಲಿ ಕೊಟ್ಟವರು ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು. ಇದೇ ಕೀಸ್ 1944 ಮತ್ತು 45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯ ಮೇರೆಗೆ ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದ್ದ. ಆ ಯುವಕರು ಸೊರಗಿದ್ದಷ್ಟೇ ಅಲ್ಲ, ಮಂಕಾದರು, ಗೆಳೆಯರಿಂದ ದೂರವಾದರು, ಹಗಲಿರುಳೂ ಊಟದ ಯೋಚನೆಯಲ್ಲೇ ಮುಳುಗಿದರು, ಕೆಲವರು ಅಡುಗೆಯ ಪುಸ್ತಕಗಳನ್ನು ಓದುತ್ತಾ ಕೂತರು. ಊಟ ಬಿಟ್ಟ ಹುಡುಗಿ ಸಿಡುಕುತ್ತಾಳೆ, ಮಾತು ಬಿಟ್ಟಿದ್ದಾಳೆ ಎಂದು ದೂರುವ ಮನೆಯವರು ಇದನ್ನು ತಿಳಿದಿರಬೇಕು. ಅದು ಅವಳ ಸ್ವಭಾವವಲ್ಲ, ಹಸಿವು.

ನಮ್ಮ ದೇಶದ ಸ್ಥಿತಿಯಲ್ಲಿ ಇನ್ನೊಂದು ವಿಪರ್ಯಾಸವೂ ಇದೆ. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಅರ್ಧಕ್ಕಿಂತ ಹೆಚ್ಚು ಹೆಂಗಸರ ರಕ್ತ ತೆಳುವಾಗಿರುವ ದೇಶದಲ್ಲಿ ಹುಡುಗಿಯರಿಗೆ ನಾವು ಕಲಿಸುತ್ತಿರುವುದು ಇನ್ನಷ್ಟು ಕಡಿಮೆ ತಿನ್ನುವುದನ್ನು. ಆರೋಗ್ಯವೇ ನಮ್ಮ ಕಾಳಜಿಯಾಗಿದ್ದರೆ ಮೊದಲು ಕೇಳಬೇಕಾದದ್ದು ಆಯಾಸವಾಗುತ್ತದಾ, ನಿದ್ದೆ ಬರುತ್ತದಾ, ಗುಡ್ಡ ಹತ್ತಿದರೆ ಏದುಸಿರು ಬರುತ್ತದಾ ಎಂದು. ಮದುವೆಯ ಸಾಲಿನಲ್ಲಿ ಹತ್ತು ಜನರ ಎದುರು “ತೋರ ಆಗಿದ್ದಿ” ಎನ್ನುವುದು ವೈದ್ಯಕೀಯವಲ್ಲ. ವೈದ್ಯರು ಬಾಗಿಲು ಹಾಕಿಕೊಂಡು ಆಡುವ ಮಾತನ್ನು ನಾವು ಬೀದಿಯಲ್ಲಿ ಆಡಿ ಅದಕ್ಕೆ ಕಾಳಜಿಯ ಹೆಸರಿಟ್ಟುಕೊಳ್ಳುತ್ತೇವೆ.

ಎರಡನೆಯ ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು. ಜನ ಏನಾದರೂ ಹೇಳಲಿ, ನಿನ್ನ ಮೈಯನ್ನು ನೀನು ಪ್ರೀತಿಸು, ಎಲ್ಲ ಮೈಯೂ ಸುಂದರವೇ ಎನ್ನುತ್ತದೆ ಹೊಸ ಕಾಲದ ಉಪದೇಶ. ಇದು ಹಲವರಿಗೆ ಬಲ ಕೊಟ್ಟಿದೆ, ಅದನ್ನು ಹಗುರಾಗಿ ಕಾಣಲಾರೆ. ಆದರೂ ಒಂದು ಅನುಮಾನ ಉಳಿಯುತ್ತದೆ. ಎಲ್ಲ ಮೈಯೂ ಸುಂದರ ಎನ್ನುವಾಗ ಸುಂದರವಾಗಿರಬೇಕಾದ ಕಡ್ಡಾಯ ಹಾಗೆಯೇ ಉಳಿಯಿತು, ಅಂಕ ಕೊಡುವುದರಲ್ಲಿ ಮಾತ್ರ ಉದಾರರಾದೆವು. ಮೈ ಇನ್ನೂ ರಂಗದ ನಡುವೆಯೇ ನಿಂತಿದೆ. ಮೊದಲು ಜನ ಒಪ್ಪಬೇಕಿತ್ತು, ಈಗ ನಾನೇ ಒಪ್ಪಬೇಕು. ಒಪ್ಪಲಾಗದ ದಿನ ಮೈಯ ನಾಚಿಕೆಯ ಜೊತೆಗೆ, ಪ್ರೀತಿಸಲಾರದೆ ಹೋದೆ ಎಂಬ ಇನ್ನೊಂದು ನಾಚಿಕೆ ಸೇರುತ್ತದೆ. ಮಾರುಕಟ್ಟೆಗೆ ಇದು ಚೆನ್ನಾಗಿ ಗೊತ್ತು. 1975ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ‘ಫೇರ್ ಅಂಡ್ ಲವ್ಲಿ’ 45 ವರ್ಷಗಳ ನಂತರ, 2020ರಲ್ಲಿ, ‘ಗ್ಲೋ ಅಂಡ್ ಲವ್ಲಿ’ ಆಯಿತು. ಬಿಳುಪು ಹೋಗಿ ಹೊಳಪು ಬಂತು. ಟ್ಯೂಬು ಅಂಗಡಿಯ ಅದೇ ಕಪಾಟಿನಲ್ಲಿ ಉಳಿಯಿತು.

ಹಾಗಾದರೆ ಬೇಕಾದದ್ದೇನು? ಮೈಯನ್ನು ಪ್ರೀತಿಸುವುದಕ್ಕಿಂತ ಮೊದಲು ಮೈಯನ್ನು ಮರೆಯುವ ಸ್ವಾತಂತ್ರ್ಯ ಬೇಕು ಎನ್ನುವುದು ನನ್ನ ಎಣಿಕೆ. ಆರೋಗ್ಯವಾಗಿರುವ ಕಣ್ಣು ತನ್ನನ್ನು ತಾನು ಕಾಣುವುದಿಲ್ಲ, ಅದು ಜಗತ್ತನ್ನು ಕಾಣುತ್ತದೆ. ಮೈಯೂ ಹಾಗೆ, ಏನಾದರೂ ಮಾಡುವಾಗ ತನ್ನನ್ನು ಮರೆತಿರುತ್ತದೆ. ಈಜುವಾಗ, ರಂಗೋಲಿ ಬಿಡಿಸುವಾಗ, ಬಸ್ಸು ಹಿಡಿಯಲು ಓಡುವಾಗ ನಮಗೆ ಮೈ ಇದೆ ಎಂಬುದಕ್ಕಿಂತ ನಾವೇ ಮೈಯಾಗಿರುತ್ತೇವೆ.

ಇದನ್ನು ಪೆರ್ಡೂರಿನವರಿಗೆ ಪುಸ್ತಕದಿಂದ ಕಲಿಸಬೇಕಾಗಿಲ್ಲ. ಅನಂತಪದ್ಮನಾಭನ ಹೆಸರಿನ ಪೆರ್ಡೂರು ಮೇಳ ಬಡಗುತಿಟ್ಟಿನ ಹೆಸರಾಂತ ಡೇರೆ ಮೇಳಗಳಲ್ಲಿ ಒಂದು. ಚೌಕಿಯಲ್ಲಿ ವೇಷ ಕಟ್ಟುವುದನ್ನು ನೋಡಿದವರಿಗೆ ಗೊತ್ತು, ಸಪೂರದ ಕಲಾವಿದ ಬಟ್ಟೆ ಸುತ್ತಿ, ಎದೆಕಟ್ಟು, ಭುಜಕೀರ್ತಿ ಕಟ್ಟಿ ಒಂದೆರಡು ಗಂಟೆಯಲ್ಲಿ ಕರ್ಣನಾಗುತ್ತಾನೆ. ಗಂಡಸು ದಮಯಂತಿಯಾಗುತ್ತಾನೆ. ರಂಗಸ್ಥಳದಲ್ಲಿ ಮೈ ಎಂದರೆ ಮಾಡಿಕೊಳ್ಳುವಂಥದ್ದು, ಬೆಳಿಗ್ಗೆ ಕಳಚಿ ಪೆಟ್ಟಿಗೆಗೆ ಹಾಕುವಂಥದ್ದು. ಹಾಗೆಂದು ಯಕ್ಷಗಾನ ಈ ತಕ್ಕಡಿಯಿಂದ ಪೂರ್ತಿ ಪಾರಾಗಿದೆ ಎನ್ನಲಾಗದು. ‘ಆಳಂಗ’ ಎಂಬ ಶಬ್ದವನ್ನು ಅಲ್ಲಿಯೂ ಬಳಸುತ್ತೇವೆ, ಸ್ತ್ರೀವೇಷಕ್ಕೆ ಬಳುಕುವ ಮೈಯನ್ನು ಬಯಸುತ್ತೇವೆ, ವಯಸ್ಸಾಗಿ ಮೈ ಬಂದ ಸ್ತ್ರೀವೇಷಧಾರಿಯನ್ನು ನೋಡಿ ಗೊಣಗುತ್ತೇವೆ. ಆದರೂ ಆಳಂಗವಿದ್ದು ತಾಳ ತಪ್ಪಿದವನನ್ನು ಪ್ರೇಕ್ಷಕ ಕ್ಷಮಿಸುವುದಿಲ್ಲ, ಮಾತು, ಹೆಜ್ಜೆ, ಸ್ವರ ಇದ್ದವನ ಆಳಂಗವನ್ನು ಹತ್ತು ನಿಮಿಷದಲ್ಲಿ ಮರೆತುಬಿಡುತ್ತಾನೆ.

ನಳ ದಮಯಂತಿಯ ಪ್ರಸಂಗದಲ್ಲಿ ಈ ಮಾತು ಕಥೆಯಾಗಿಯೇ ಬರುತ್ತದೆ. ಕಾಳ್ಗಿಚ್ಚಿನಿಂದ ತಾನೇ ಬದುಕಿಸಿದ ಕಾರ್ಕೋಟಕ ಹಾವು ಕಚ್ಚಿ ಚೆಲುವ ನಳನ ಮೈ ವಿಕಾರವಾಗುತ್ತದೆ. ಅವನು ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣ ರಾಜನ ಲಾಯದಲ್ಲಿ ಸಾರಥಿಯಾಗುತ್ತಾನೆ. ಸ್ವಯಂವರದಲ್ಲಿ ನಳನ ರೂಪ ತಾಳಿ ಕೂತ ದೇವತೆಗಳ ಮಧ್ಯೆ ಗಂಡನನ್ನು ಗುರುತಿಸಿದ್ದ ದಮಯಂತಿಯ ಮುಂದೆ ಈಗ ತಿರುಗಾಮುರುಗಾ ಸಮಸ್ಯೆ. ಆಗ ಐದು ಜನರಲ್ಲಿ ಒಂದೇ ರೂಪವಿತ್ತು, ಈಗ ಇರುವ ಒಬ್ಬನಲ್ಲಿ ಆ ರೂಪ ಇಲ್ಲ. ಅವಳು ಅವನ ರಥದ ಸದ್ದನ್ನು ಕೇಳುತ್ತಾಳೆ. ಸಖಿಯನ್ನು ಕಳಿಸಿ ಅವನು ಕೆಲಸ ಮಾಡುವ ರೀತಿಯನ್ನು ನೋಡಿಸುತ್ತಾಳೆ. ಅವನು ಮಾಡಿದ ಅಡುಗೆಯನ್ನು ತರಿಸಿ ರುಚಿ ನೋಡುತ್ತಾಳೆ. ಮಕ್ಕಳನ್ನು ಕಂಡಾಗ ಅವನು ಏನಾದ ಎಂದು ವಿಚಾರಿಸುತ್ತಾಳೆ. ಕೊನೆಗೆ ನಳನಿಗೆ ಹಳೆಯ ಚೆಲುವು ಮರಳಿ ಬರುತ್ತದೆ, ಕಥೆ ಅಷ್ಟರ ಮಟ್ಟಿಗೆ ಚೆಲುವಿನ ಕಡೆಯೇ ವಾಲುತ್ತದೆ. ಆದರೆ ಆ ಚೆಲುವು ಬರುವ ಮೊದಲೇ ದಮಯಂತಿ ಅವನನ್ನು ಕಂಡುಕೊಂಡಾಗಿತ್ತು. ಒಬ್ಬರನ್ನು ಅವರು ಮಾಡುವುದರಿಂದ, ಅವರು ಮರುಗುವುದರಿಂದ ಗುರುತಿಸುವುದು ಸಾಧ್ಯ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಹತ್ತಿರದ ಕಾಲದ ಇನ್ನೊಂದು ಉದಾಹರಣೆ ಕಂಬಳದ ಗದ್ದೆಯಲ್ಲಿದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಅವರ ಚಿತ್ರ ದೇಶವನ್ನೆಲ್ಲ ಸುತ್ತಿತು. ಜನ ಆ ಮೈಕಟ್ಟನ್ನು ನೋಡಿ ಬೆರಗಾದರು, ಓಟವನ್ನು ನೂರು ಮೀಟರಿಗೆ ಇಳಿಸಿ ಉಸೇನ್ ಬೋಲ್ಟ್ ಜೊತೆ ತೂಗಿದರು, ಕ್ರೀಡಾ ಪ್ರಾಧಿಕಾರ ಪರೀಕ್ಷೆಗೆ ಕರೆಯಿತು. ಅವರು ಹೋಗಲಿಲ್ಲ. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂಬುದು ಅವರ ನಿಲುವು. ಇಡೀ ದೇಶ ತಕ್ಕಡಿ ಹಿಡಿದು ನಿಂತಾಗ ತಾನು ಯಾವ ಕೆಲಸದ ಮೈ ಎಂಬುದನ್ನು ಅವರು ಮರೆಯಲಿಲ್ಲ. ಜಿಮ್‌ನ ಕನ್ನಡಿಯ ಮುಂದೆ ಬೆಳೆಸುವ ಮೈಗೂ ಕೆಸರಿನಲ್ಲಿ ಕೋಣಗಳ ಜೊತೆ ಓಡುವ ಮೈಗೂ ಸ್ನಾಯುಗಳಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿರಬಹುದು. ಗಮನ ಎಲ್ಲಿದೆ ಎಂಬುದರಲ್ಲಿ ವ್ಯತ್ಯಾಸವಿದೆ.

ಆದರೆ ಮೈಯನ್ನು ಮರೆಯುವುದು ಒಬ್ಬರೇ ಮನಸ್ಸು ಮಾಡಿ ಸಾಧಿಸಬಹುದಾದ್ದಲ್ಲ. ಸುತ್ತಲಿನವರು ಗಳಿಗೆಗೊಮ್ಮೆ ನೆನಪಿಸುತ್ತಿದ್ದರೆ ಯಾರಿಗೂ ಮರೆಯಲಾಗದು. ಅದಕ್ಕೇ ಹೊಣೆ ನೋಡುವವರ ಮೇಲಿದೆ ಎಂದೆ. ನೋಡುವುದನ್ನು ನಿಲ್ಲಿಸಲು ಬರುವುದಿಲ್ಲ, ಕಣ್ಣಿಗೆ ಕಂಡದ್ದು ಕಾಣುತ್ತದೆ. ಕಂಡದ್ದನ್ನೆಲ್ಲ ಆಡದಿರುವುದು ಮಾತ್ರ ನಮ್ಮ ಕೈಯಲ್ಲಿದೆ. ಒಬ್ಬರ ಸಾಲದ ಬಗ್ಗೆ, ಸಂಬಳದ ಬಗ್ಗೆ ಗೊತ್ತಿದ್ದೂ ಹತ್ತು ಜನರ ಎದುರು ಎತ್ತದಷ್ಟು ಸಭ್ಯತೆ ನಮ್ಮಲ್ಲಿದೆ. ಅದೇ ಸಭ್ಯತೆಯನ್ನು ಮೈಗೂ ಚಾಚಬೇಕು. ಹೊಗಳಿಕೆಗೂ ಇದು ಅನ್ವಯಿಸುತ್ತದೆ. “ಸಪೂರ ಆಗಿದ್ದಿ, ಈಗ ಚಂದ ಕಾಣ್ತಿ” ಎಂದಾಗ ಕೇಳಿದವಳಿಗೆ ಮೊದಲು ತಾನು ಹೇಗೆ ಕಾಣುತ್ತಿದ್ದೆ ಎಂಬುದೂ ತಿಳಿಯುತ್ತದೆ, ಇದನ್ನು ಉಳಿಸಿಕೊಳ್ಳಬೇಕು ಎಂಬ ಭಯವೂ ಹುಟ್ಟುತ್ತದೆ. ಆ ಸಪೂರ ಜ್ವರದಿಂದ ಬಂದಿತ್ತೋ, ದುಃಖದಿಂದಲೋ, ಊಟ ಬಿಟ್ಟದ್ದರಿಂದಲೋ, ಹೇಳಿದವರಿಗೆ ಗೊತ್ತಿರುವುದಿಲ್ಲ.

ಸುಮ್ಮನಿರುವುದಷ್ಟೇ ನಮ್ಮ ಕೆಲಸವೂ ಅಲ್ಲ. ಹತ್ತಿರದವರು ಊಟ ತಪ್ಪಿಸುತ್ತಿದ್ದಾರೆ, ತಿಂದ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದಾರೆ, ಎಲ್ಲರಿಂದ ದೂರ ಸರಿಯುತ್ತಿದ್ದಾರೆ ಎಂದು ಕಂಡರೆ ಅದು ಹದಿಹರೆಯದ ಹುಡುಗಾಟವೆಂದು ಬಿಡಬಾರದು. ಊಟಕ್ಕೆ ಸಂಬಂಧಿಸಿದ ಮನೋರೋಗಗಳು ಪ್ರಾಣ ತೆಗೆಯಬಲ್ಲವು, ಅವಕ್ಕೆ ಚಿಕಿತ್ಸೆಯೂ ಇದೆ. ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಬಹುದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆಗಲೂ ಮಾತು ಆರಂಭವಾಗಬೇಕಾದದ್ದು ಮೈಯಿಂದಲ್ಲ. “ಇತ್ತೀಚೆಗೆ ನೀನು ಮೊದಲಿನ ಹಾಗೆ ನಗುವುದಿಲ್ಲ, ಎಂತ ಆಯಿತು?” ಎಂದು ಕೇಳಬಹುದು, ಉತ್ತರ ಬರುವವರೆಗೆ ಕಾಯಬಹುದು.

ನಮ್ಮ ಊರಿನಲ್ಲಿ ಇಬ್ಬರು ಎದುರಾದರೆ ಏನಾದರೂ ಕೇಳಲೇಬೇಕು, ಕೇಳದೆ ಹೋದರೆ ಅದೇ ಒಂದು ಅವಮಾನ. ಹಳೆಯ ಅಕ್ಕರೆಯನ್ನು ಉಳಿಸಿಕೊಂಡು ತಕ್ಕಡಿಯನ್ನು ಕೆಳಗಿಡಲು ಬೇಕಾದಷ್ಟು ಮಾತುಗಳು ನಮ್ಮಲ್ಲೇ ಇವೆ. ಯಾವ ಬಸ್ಸಿಗೆ ಬಂದಿ, ಈಗ ಎಂತ ಓದುತ್ತಾ ಇದ್ದಿ, ಮೊನ್ನೆ ಆಟಕ್ಕೆ ಹೋಗಿದ್ದಿಯಾ, ಭಾಗವತಿಕೆ ಹೇಗಿತ್ತು ಎಂದೆಲ್ಲ ಕೇಳಬಹುದು. ಇವುಗಳಿಗೆ ಉತ್ತರ ಹೇಳುವಾಗ ಹುಡುಗಿ ತಾನು ನೋಡಿದ್ದನ್ನು, ಕೇಳಿದ್ದನ್ನು, ಮಾಡಿದ್ದನ್ನು ಹೇಳುತ್ತಾಳೆ. ಹೇಳುತ್ತಾ ಹೇಳುತ್ತಾ ಕೈ ಬೀಸುತ್ತಾಳೆ, ದನಿ ಏರಿಸುತ್ತಾಳೆ, ನಡುವೆ ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಸುಲಿದು ತಿನ್ನುತ್ತಾಳೆ. ಅಷ್ಟು ಹೊತ್ತು ಅವಳಿಗೆ ತಾನು ತೋರವೋ ಸಪೂರವೋ ಎಂಬುದು ನೆನಪಿರುವುದಿಲ್ಲ.